ಚೌಕವೋ, ಷಟ್ಕೋನವೋ: ಶಿರಸಿ ನಕ್ಷೆ ಮೇಲೆ ಮೂರು ಗ್ರಿಡ್‌ಗಳು

ಗಿಡಮರಗಳ ಸಮೀಕ್ಷೆಗೆ ಎಲ್ಲೆಲ್ಲಿ ಹೋಗಬೇಕು ಅಂತ ತೀರ್ಮಾನಿಸೋಕೆ ಮುಂಚೆ ತಾಲ್ಲೂಕನ್ನು ಬ್ಲಾಕ್‌ಗಳಾಗಿ ಭಾಗ ಮಾಡಬೇಕು. ಶಿರಸಿ ತಾಲ್ಲೂಕಿಗೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಮೂರು ಬಗೆಯ ಗ್ರಿಡ್ (ಬ್ಲಾಕ್‌ಗಳ ಬಲೆ) ಹಾಕಿ ನೋಡಿದೆ. ಮೂರಕ್ಕೂ ಬಳಸಿದ ಮಾಹಿತಿ ಒಂದೇ: ಬಾಹ್ಯಾಕಾಶ ನೌಕೆಯ ರೇಡಾರ್‌ನಿಂದ ಅಳೆದ ಎಸ್‌ಆರ್‌ಟಿಎಂ ಎತ್ತರದ ನಕ್ಷೆ, 30 ಮೀಟರ್ ಪಿಕ್ಸೆಲ್ (ನಕ್ಷೆಯ ಒಂದೊಂದು ಪುಟ್ಟ ಚೌಕ). ಇಂಥ ಪರೀಕ್ಷೆಗೆ ಶಿರಸಿ ಹೇಳಿ ಮಾಡಿಸಿದ ಜಾಗ. ಪೂರ್ವಕ್ಕೆ ಬನವಾಸಿ ಸುತ್ತ ವರದಾ ನದಿಯ ಬಯಲು, ಗದ್ದೆ. ಪಶ್ಚಿಮಕ್ಕೆ ದೇವಿಮನೆ ಘಟ್ಟದ ಹತ್ತಿರ ನೆಲ ಒಮ್ಮೆಲೇ ಇಳಿಯುತ್ತದೆ.

ಅಕ್ಷಾಂಶ-ರೇಖಾಂಶದ ಒಂದೊಂದು ನಿಮಿಷಕ್ಕೆ ಗೆರೆ ಎಳೆಯೋದು ಎಲ್ಲಕ್ಕಿಂತ ಸುಲಭ. ಸರ್ವೆ ಇಲಾಖೆಯ ಟೋಪೋಶೀಟ್ ನಕ್ಷೆ ಜೊತೆ ಚೆನ್ನಾಗಿ ಹೊಂದುತ್ತದೆ. ಆದರೆ ಬ್ಲಾಕಿನ ಬದಿ ಸುಮಾರು 1.8 ಕಿ.ಮೀ. ಆಗುತ್ತದೆ, ಅದೂ ಸರಿಯಾದ ಚೌಕ ಅಲ್ಲ. ಇಡೀ ಜಿಲ್ಲೆಯ ಚಿತ್ರಕ್ಕೆ ಸಾಕು, ನಡೆದು ಮಾಡುವ ಕೆಲಸಕ್ಕೆ ದೊಡ್ಡದಾಯ್ತು.

ಷಟ್ಕೋನ ನೋಡೋಕೆ ಚೆಂದ, ಲೆಕ್ಕಕ್ಕೂ ಒಳ್ಳೆಯದು. ಆರೂ ನೆರೆಯ ಬ್ಲಾಕ್‌ಗಳ ನಡುಬಿಂದು ಒಂದೇ ದೂರದಲ್ಲಿರುತ್ತದೆ. ಚೌಕದಲ್ಲಾದರೆ ಮೂಲೆಯ ನೆರೆ 1.41 ಪಟ್ಟು ದೂರ. ಯಾವುದೋ ಕಳೆ ಎತ್ತ ಹರಡುತ್ತಿದೆ ಅಂತ ನೋಡುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಲಂಬ ಅಂತರ (ಮೇಲಿನ-ಕೆಳಗಿನ ನೆರೆಗಳ ನಡುಬಿಂದುಗಳ ದೂರ) 1,075 ಮೀಟರ್ ಕೊಟ್ಟರೆ ಒಂದೊಂದೂ ಹೆಚ್ಚುಕಡಿಮೆ ಒಂದು ಚದರ ಕಿ.ಮೀ. ತೊಂದರೆ ಇರೋದು ಕಾಡಿನೊಳಗೆ. ಓರೆ ಗಡಿ ಎಲ್ಲಿ ದಾಟಿದೆವು ಅಂತ ತಿಳಿಯೋದು ಕಷ್ಟ. ಜೊತೆಗೆ ಒಂದು ಷಟ್ಕೋನವನ್ನು ಸಣ್ಣ ಷಟ್ಕೋನಗಳಾಗಿ ಸರಿಯಾಗಿ ಒಡೆಯೋಕೂ ಆಗಲ್ಲ.

ಹಾಗಾಗಿ ನನ್ನ ಮತ ಮೀಟರ್ ಲೆಕ್ಕದ ಚೌಕಕ್ಕೆ. ನಕ್ಷೆಯನ್ನು ಮೊದಲು ಯುಟಿಎಂ (ಜಾಗವನ್ನು ಡಿಗ್ರಿ ಬದಲು ಮೀಟರ್‌ನಲ್ಲಿ ಹೇಳುವ ಪದ್ಧತಿ) 43 ಉತ್ತರ ವಲಯಕ್ಕೆ ಬದಲಿಸಿಕೊಳ್ಳಬೇಕು. (78 ಡಿಗ್ರಿ ರೇಖಾಂಶ ದಾಟಿದ ಕೋಲಾರ ಪಟ್ಟಣ 44ಕ್ಕೆ ಸೇರುತ್ತದೆ, ಆ ಕಡೆಯವರು ನೋಡಿಕೊಳ್ಳಿ.) ಬದಲಿಸುವಾಗ ಎತ್ತರಕ್ಕೆ ಬೈಲೀನಿಯರ್ (ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳ ತೂಕದ ಸರಾಸರಿ) ಸರಿ. ಕಾಡು, ಗದ್ದೆ, ತೋಟ ಅಂತ ವರ್ಗ ಇರುವ ನಕ್ಷೆಗೆ ನಿಯರೆಸ್ಟ್ ನೇಬರ್ (ಅತಿ ಹತ್ತಿರದ ಪಿಕ್ಸೆಲ್ಲಿನ ಸಂಖ್ಯೆಯನ್ನೇ ಇಡೋದು) ಮಾತ್ರ. ಇಲ್ಲದಿದ್ದರೆ ಎರಡು ವರ್ಗದ ಸಂಖ್ಯೆಗಳ ನಡುವೆ ಅರ್ಥವಿಲ್ಲದ ಸಂಖ್ಯೆ ಹುಟ್ಟುತ್ತದೆ.

ಬದಿಗೆ 1,000 ಮೀಟರ್ ಬೇಡ, 960 ಇಡಿ. ಅಂದರೆ ಸರಿಯಾಗಿ 32 ಪಿಕ್ಸೆಲ್. ಗ್ರಿಡ್‌ನ ಮೂಲೆಯನ್ನು ಪಿಕ್ಸೆಲ್ ಮೂಲೆಗೇ ಕೂರಿಸಿದರೆ ಗಡಿಯಲ್ಲಿ ಯಾವ ಪಿಕ್ಸೆಲ್ಲೂ ತುಂಡಾಗಲ್ಲ. ಅರ್ಧಕ್ಕೆ ಒಡೆದರೆ 16, ಮತ್ತೆ ಒಡೆದರೆ 8. ಘಟ್ಟದಲ್ಲಿ ಇದೇ ಕೈ ಹಿಡಿಯೋದು. ಅಲ್ಲಿ ಒಂದೇ ಬ್ಲಾಕ್‌ನಲ್ಲಿ ಗುಡ್ಡದ ತಲೆಯೂ ಇರುತ್ತದೆ, ಕಣಿವೆಯ ಹಳ್ಳವೂ ಇರುತ್ತದೆ. ಸರಾಸರಿ ಎತ್ತರ ಎರಡನ್ನೂ ಮುಚ್ಚಿಬಿಡುತ್ತದೆ, ಅಲ್ವಾ? ಅದಕ್ಕೇ ಝೋನಲ್ ಸ್ಟಾಟಿಸ್ಟಿಕ್ಸ್‌ನಲ್ಲಿ (ಪ್ರತಿ ಬ್ಲಾಕಿನೊಳಗಿನ ಪಿಕ್ಸೆಲ್‌ಗಳ ಲೆಕ್ಕ ಕೊಡುವ ಸಾಧನ) ಸರಾಸರಿ ಜೊತೆ ಗರಿಷ್ಠ-ಕನಿಷ್ಠದ ವ್ಯತ್ಯಾಸವನ್ನೂ ತೆಗೆಯಿರಿ. ವ್ಯತ್ಯಾಸ ಜಾಸ್ತಿ ಇರುವ ಬ್ಲಾಕನ್ನು ಮಾತ್ರ ನಾಲ್ಕಾಗಿ ಒಡೆಯಿರಿ. ಬನವಾಸಿ ಬಯಲಿನ ಬ್ಲಾಕ್‌ಗಳು ಹಾಗೇ ಇರಲಿ.

ನಡೆಯುವವರಿಗೂ ಚೌಕವೇ ಹಿತ. ಜಿಪಿಎಸ್ಸನ್ನು ಯುಟಿಎಂಗೆ ಇಟ್ಟರೆ ಪೂರ್ವದ ಸಂಖ್ಯೆ, ಉತ್ತರದ ಸಂಖ್ಯೆ ನೋಡಿಯೇ ಗಡಿ ಬಂತು ಅಂತ ಗೊತ್ತಾಗುತ್ತದೆ.

ಬ್ಲಾಕ್‌ಗಳನ್ನು ಆರಿಸಿದ ಮೇಲೆ ಇಡೀ ಗ್ರಿಡ್ಡನ್ನು 480 ಮೀಟರ್ ಸರಿಸಿ ಅದೇ ಲೆಕ್ಕ ಮತ್ತೊಮ್ಮೆ ಮಾಡಿ. ಆಯ್ಕೆಯಾದ ಜಾಗಗಳು ಹೆಚ್ಚುಕಡಿಮೆ ಅವೇ ಬಂದರೆ ಹೊರಡಬಹುದು. ಪೂರ್ತಿ ಬೇರೆ ಬಂದರೆ ಬ್ಲಾಕ್ ಇನ್ನೂ ದೊಡ್ಡದಿದೆ ಎಂದೇ ಲೆಕ್ಕ.