ಬಳ್ಳಾರಿ ಕೌಲ್ ಬಜಾರಿನ ರೇಡಿಯೇಟರ್ ಅಂಗಡಿ: ಅಂಟಿಸಿಕೊಡಿ ಅಂದೆ, ನೀರಲ್ಲಿ ಮುಳುಗಿಸಿ ತೋರಿಸಿದರು

ಏಪ್ರಿಲ್ ಕೊನೇ ವಾರ. ಗಂಗಾವತಿಯಲ್ಲಿ 16 ಟನ್ ಸೋನಾ ಮಸೂರಿ ತುಂಬಿಕೊಂಡು ಕಂಪ್ಲಿ ಸೇತುವೆ ದಾಟಿ ಬಳ್ಳಾರಿ ಕಡೆ ಹೊರಟಿದ್ದೆ. ಅಲ್ಲಿಂದ ಚಳ್ಳಕೆರೆ, ಹಿರಿಯೂರು ಮೇಲೆ ಬೆಂಗಳೂರಿಗೆ ಹೋಗಬೇಕು. ಕುರುಗೋಡು ಬಿಟ್ಟ ಸ್ವಲ್ಪ ಹೊತ್ತಿಗೆ ಟೆಂಪರೇಚರ್ ಮುಳ್ಳು ಅರ್ಧದಿಂದ ಮೇಲೆ ಹತ್ತತೊಡಗಿತು. ಕ್ಯಾಬಿನ್ ತುಂಬ ಕೂಲಂಟಿನ (ಇಂಜಿನ್ ತಂಪಿಡುವ ದ್ರವ) ಸಿಹಿ ವಾಸನೆ. ಬೇವಿನ ಮರದ ಕೆಳಗೆ ಗಾಡಿ ಹಾಕಿ ನೋಡಿದೆ: ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ಹೋಸ್ ಕೂಡುವ ಕುತ್ತಿಗೆಯಲ್ಲಿ ಎರಡು ಬೆರಳುದ್ದದ ಬಿರುಕು, ಹಸಿರು ನೀರು ತೊಟ್ಟಿಕ್ಕುತ್ತಿದೆ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಚ್ಚಬಾರದು. ಮುಕ್ಕಾಲು ಗಂಟೆ ಆರಲು ಬಿಟ್ಟು, ನೀರು ತುಂಬಿ, ಒತ್ತಡ ಏರದಂತೆ ಮುಚ್ಚಳ ಸಡಿಲವಾಗಿಯೇ ಇಟ್ಟು, ನಾಲ್ಕು ಕಡೆ ನಿಂತು ನಿಂತು ಬಳ್ಳಾರಿ ಮುಟ್ಟಿದೆ.

ನನ್ನದು ಒಂದೇ ಲಾರಿ. ಪ್ರತಿ ತಿಂಗಳು 5ನೇ ತಾರೀಕು ಕಂತು. ಹಾಗಾಗಿ ಅಂಟಿಸಿಕೊಂಡು ಹೋಗೋಣ ಅನ್ನುವುದೇ ಮನಸ್ಸಿನಲ್ಲಿತ್ತು. ಹಿಂದಿನ ವರ್ಷ ಬೇರೆ ಊರಲ್ಲಿ ಹಾಗೇ ಮಾಡಿಸಿದ್ದೆ. ಬಿಚ್ಚದೇನೆ, ಮೇಲಿಂದ ಎಪಾಕ್ಸಿ ಅಂಟು ಮೆತ್ತಿ 400 ರೂಪಾಯಿ ಇಸಗೊಂಡರು. ಮೂರನೇ ವಾರಕ್ಕೆ ಅದು ಬಿಟ್ಟುಕೊಂಡಿತು. ಏರಿನಲ್ಲಿ ಇಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲೆಭಾಗ ಸೋರದಂತೆ ಕೂರಿಸುವ ಪದರ) ಹೋಗಿ 22,000 ಖರ್ಚಾಯಿತು, ಎಂಟು ದಿನ ಗಾಡಿ ನಿಂತಿತು. ಆ ಎಂಟು ದಿನ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೌಲ್ ಬಜಾರಿನ ಈ ಅಂಗಡಿಗೆ ಬೋರ್ಡೂ ಸರಿಯಾಗಿಲ್ಲ. ಮುಂದೆ ಸಿಮೆಂಟಿನ ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಹಳೇ ಕೋರುಗಳು (ರೇಡಿಯೇಟರಿನ ನಡುವಿನ ಕೊಳವೆ ಸಾಲು). ಉಸ್ತಾದರಿಗೆ ಅರವತ್ತು ದಾಟಿರಬೇಕು. ರೇಟು ಕೇಳಿದರೆ ಹೇಳಲಿಲ್ಲ. "ಮೊದಲು ಇಳಿಸೋಣ ತಡೀರಿ, ನೋಡದೆ ಏನಂತ ಹೇಳಲಿ?" ಅಂದರು. ಹುಡುಗರಿಬ್ಬರು ಎರಡು ತಾಸಿನಲ್ಲಿ ರೇಡಿಯೇಟರ್ ಇಳಿಸಿದರು. ಬಾಯಿಗಳಿಗೆ ರಬ್ಬರ್ ಬಿರಡೆ ಬಡಿದು, ತೊಟ್ಟಿಯಲ್ಲಿ ಮುಳುಗಿಸಿ, ಗೇಜು ನೋಡುತ್ತ ಒಂದು ಕೆಜಿ ಒತ್ತಡದ ಗಾಳಿ ಬಿಟ್ಟರು. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡಿದ್ದರು. ಬಿರುಕಿನಿಂದ ಗುಳ್ಳೆ ಬುಳಬುಳ ಎದ್ದವು, ಅದು ಗೊತ್ತಿದ್ದದ್ದೇ. ಆದರೆ ಎಡ ಮೂಲೆಯಲ್ಲಿ, ಕೊಳವೆಗಳು ತಟ್ಟೆಗೆ ಸೇರುವ ಕಡೆ, ಸಾಸಿವೆ ಕಾಳಿನಂಥ ಗುಳ್ಳೆಗಳು ಎರಡು ಸಾಲಾಗಿ ಬರುತ್ತಿದ್ದವು. ಅದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ಹೊರಗೆ ತೆಗೆದು ಮೇಲಿಂದ ಒಂದು ಬಕೆಟ್ ನೀರು ಸುರಿದರು. ಸರಕ್ಕನೆ ಇಳಿಯಬೇಕಾದ ನೀರು ಮೇಲೇ ನಿಂತು ನಿಧಾನಕ್ಕೆ ಜಾರಿತು. ಟಾರ್ಚ್ ಹಿಡಿದು ಒಳಗೆ ತೋರಿಸಿದರು: ಕೊಳವೆ ಬಾಯಲ್ಲಿ ಬಿಳಿ ಗಾರೆ. ವರ್ಷಗಟ್ಟಲೆ ದಾರಿಯಲ್ಲಿ ಸಿಕ್ಕ ಬೋರಿನ ನೀರು ಹೊಯ್ದದ್ದರ ಫಲ. ನಮ್ಮ ಕಡೆ ಬೋರಿನ ನೀರು ಕಾಯಿಸಿದ ಪಾತ್ರೆಯ ತಳ ನೋಡಿದವರಿಗೆ ಇದು ಹೊಸದಲ್ಲ.

ಉಸ್ತಾದರು ಹೇಳಿದ ಲೆಕ್ಕ ಎಲ್ಲ ಲಾರಿಯವರಿಗೂ ಬೇಕಾದದ್ದು. ಹಳೇ ತಾಮ್ರ–ಹಿತ್ತಾಳೆ ರೇಡಿಯೇಟರ್ ಆಗಿದ್ದರೆ ಟ್ಯಾಂಕ್ ಬಿಚ್ಚಿ, ಕೊಳವೆಗೆ ಕಡ್ಡಿ ಹೊಡೆದು ಗಾರೆ ತೆಗೆದು, ಬೆಸುಗೆ ಹಾಕಿ ಕೊಡುತ್ತಿದ್ದರಂತೆ. ಈಗಿನದು ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು. ಕೋರು ಚೆನ್ನಾಗಿದ್ದು ಬರೀ ಟ್ಯಾಂಕ್ ಸೀಳಿದ್ದರೆ ಟ್ಯಾಂಕ್ ಮತ್ತು ಗ್ಯಾಸ್ಕೆಟ್ ಹೊಸದು ಹಾಕಿ ಅಂಚು ಮಡಚಿದರೆ ಸಾಕು, 3,800. ಒಂದೆರಡು ಕೊಳವೆ ನಡುವೆ ತೂತಾಗಿದ್ದರೆ ಮುಚ್ಚಬಹುದು, ಮುಚ್ಚಿದಷ್ಟು ತಂಪು ಕಡಿಮೆಯಾಗುತ್ತದೆ. ಟ್ಯಾಂಕೂ ಸೀಳಿ, ಕೊಳವೆ ತಟ್ಟೆಗೆ ಸೇರುವ ಬುಡವೂ ಸೋರಿ, ಒಳಗೆ ಗಾರೆ ಕಟ್ಟಿದ್ದಕ್ಕೆ ದುಡ್ಡು ಹಾಕಬೇಡಿ ಅಂದರು. ನಾನು ಬಿಡದೆ, ಬಿರುಕಿಗಷ್ಟೇ ಅಂಟು ಹಾಕಿಕೊಡಿ ಅಂತ ಇನ್ನೊಮ್ಮೆ ಕೇಳಿದೆ. ಬಿರುಕಿನ ಪಕ್ಕ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದರು, ಪ್ಲಾಸ್ಟಿಕ್ ಬಿಸ್ಕತ್ತಿನ ಹಾಗೆ ಮುರಿದು ಬಂತು. "ಅಂಟು ಹಿಡೀತೈತಣ್ಣ, ಪ್ಲಾಸ್ಟಿಕ್ಕೇ ಹಿಡಿಯಂಗಿಲ್ಲ. ಬಳ್ಳಾರಿಯಾಗ ಲೋಡ್ ಇಳಿಸೋದಿದ್ರ ಹಚ್ಚಿ ಕೊಡ್ತಿದ್ದೆ. ಬೆಂಗಳೂರಿಗೆ ಕಳಿಸಂಗಿಲ್ಲ."

ಅದರ ಮರ್ಮ ಒತ್ತಡದಲ್ಲಿದೆ. ಮುಚ್ಚಳದ ಸ್ಪ್ರಿಂಗ್ ಸುಮಾರು ಒಂದು ಕೆಜಿ ಒತ್ತಡ ತಡೆಯುವುದರಿಂದ ಒಳಗಿನ ನೀರು 120 ಡಿಗ್ರಿ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಕೂದಲೆಳೆಯಷ್ಟು ಸೋರಿದರೂ ಒತ್ತಡ ನಿಲ್ಲುವುದಿಲ್ಲ, 100 ದಾಟಿದರೆ ಕುದಿ ಶುರು. ಹೊರಗೆ 42 ಡಿಗ್ರಿ ಬಿಸಿಲು, ಮೇಲೆ 16 ಟನ್. ಅರಿಶಿನಪುಡಿ ಹಾಕಿ ಸೋರಿಕೆ ನಿಲ್ಲಿಸುವ ಹಳೇ ಉಪಾಯವನ್ನೂ ನಾನು ಮಾಡಿದವನೇ. ಅದು ಊರು ಮುಟ್ಟಿಸಬಹುದು, ಆಮೇಲೆ ಅದೇ ಪುಡಿ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ.

ಹೊಸದು ಹಾಕಿಸಿದೆ, 14,500. ಹಳೇದನ್ನು ತೂಕಕ್ಕೆ ಹಾಕಿ 900 ಕಳೆದರು. ಕೊಳ್ಳುವಾಗ ಹಳೇ ಕೋರಿನ ದಪ್ಪ, ಕೊಳವೆ ಸಾಲು ಎರಡನ್ನೂ ಪಕ್ಕದಲ್ಲಿಟ್ಟು ಅಳೆದು ನೋಡಿಕೊಳ್ಳಿ. ಒಂದು ಸಾಲು ಕಡಿಮೆ ಇರುವುದನ್ನು ಅಗ್ಗಕ್ಕೆ ಕೊಡುವವರಿದ್ದಾರೆ. ಇಲ್ಲಿ ಕೇಳದೇನೇ ಅಳೆದು ತೋರಿಸಿದರು.

ಕೊರತೆಯೂ ಹೇಳಬೇಕು. ಕೂರಲು ಜಾಗವಿಲ್ಲ, ಬಿಸಿಲಲ್ಲೇ ನಿಲ್ಲಬೇಕು. ಬಿಲ್ ಕೇಳಿ ಪಡೆಯಬೇಕು. ಕೂಲಂಟ್ ಬೇರೆ ಅಂಗಡಿಯಿಂದ ತರಿಸುತ್ತಾರೆ, ಅದಕ್ಕೇ ಒಂದು ತಾಸು ಹೋಯಿತು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಮುಚ್ಚಿರುತ್ತದೆ. ರೇಡಿಯೇಟರ್ ಕೂರುವ ಕೆಳಗಿನ ಮೌಂಟಿಂಗ್ ರಬ್ಬರ್ ಚಪ್ಪಟೆಯಾಗಿತ್ತು, ನಾನೇ ತೋರಿಸಿದ ಮೇಲೆ ಬದಲಿಸಿದರು. ಇದನ್ನು ಅವರೇ ನೋಡಬೇಕಿತ್ತು. ರಬ್ಬರ್ ಸತ್ತರೆ ಚಾಸಿಯ ತಿರುಚಾಟವೆಲ್ಲ ನೇರ ಟ್ಯಾಂಕಿನ ಕುತ್ತಿಗೆಗೇ ಬೀಳುತ್ತದೆ.

ಎರಡು ತಿಂಗಳಾಯಿತು, ಬೆಂಗಳೂರಿಗೆ ಏಳು ಟ್ರಿಪ್ ಆಯಿತು. ಮುಳ್ಳು ಅರ್ಧ ದಾಟಿಲ್ಲ. ಈಗ ಸೀಟಿನ ಹಿಂದೆ ಶುದ್ಧ ನೀರಿನ ಘಟಕದಿಂದ 5 ರೂಪಾಯಿಗೆ ತುಂಬಿಸಿದ ಕ್ಯಾನ್ ಸದಾ ಇರುತ್ತದೆ, ಬೋರಿನ ನೀರು ರೇಡಿಯೇಟರಿಗೆ ಮುಟ್ಟಿಸಿಲ್ಲ. ಹೋಗುವವರು ಬೆಳಿಗ್ಗೆ ಒಂಬತ್ತಕ್ಕೇ ಹೋಗಿ, ಹತ್ತರ ಮೇಲೆ ಅದಿರಿನ ಗಾಡಿಗಳ ಸಾಲು ಹತ್ತಿರುತ್ತದೆ.