ಸೆಟಿರಿಜಿನ್ 10 ಎಂಜಿ: ನಾಲ್ಕು ವರ್ಷ ಬಳಸಿದವನ ಮಾತು

ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಮಳೆಗಾಲದಲ್ಲಿ ಗೋಡೆಗೆ, ಬೀರುವಿನ ಬಟ್ಟೆಗೆಲ್ಲ ಬೂಷ್ಟು. ಕೊಯ್ಲು ಮುಗಿದರೆ ಕಣದ ದೂಳು. ಎರಡೂ ನನಗೆ ಆಗುವುದಿಲ್ಲ. ಬೆಳಗ್ಗೆ ಎದ್ದರೆ ಸೀನೋ ಸೀನು, ಕಣ್ಣೆಲ್ಲ ಕೆಂಪು.

ಡಾಕ್ಟರು ಬರೆದುಕೊಟ್ಟಿದ್ದು ಸೆಟಿರಿಜಿನ್ ಅನ್ನುವ ಅಲರ್ಜಿ ಮಾತ್ರೆ, ದಿನಕ್ಕೆ ಒಂದೇ. ಕೆಲಸ ಮಾಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ನುಂಗಿ ಸುಮಾರು ಒಂದು ಗಂಟೆಗೆ ಸೀನು, ತುರಿಕೆ ಇಳಿಯುತ್ತದೆ. ಒಂದು ದಿನ ತಡೆಯುತ್ತದೆ. ಮೂಗು ಕಟ್ಟಿದ್ದು ಮಾತ್ರ ಅಷ್ಟಾಗಿ ಬಿಡುವುದಿಲ್ಲ. ಅದಕ್ಕೆ ಸ್ಪ್ರೇ ಬೇರೆ ಕೊಟ್ಟರು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಒಂದು ಅಂಕ ಹೋಗಿದ್ದು ನಿದ್ದೆಗೆ. ಮೊದಲ ವರ್ಷ ಆಗಸ್ಟ್‌ನಲ್ಲಿ ಪುತ್ತೂರಿಗೆ ಹೊರಟಿದ್ದೆವು. ಬೆಳಗ್ಗೆ ಈ ಮಾತ್ರೆ ನುಂಗಿದ್ದೆ. ನೆಗಡಿಯೂ ಇತ್ತಲ್ಲ ಅಂತ ಅಂಗಡಿಯಿಂದ ಒಂದು ನೆಗಡಿ ಮಾತ್ರೆ ತಂದು ಅದನ್ನೂ ನುಂಗಿದೆ. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯುವಾಗ ಮಳೆ, ಮಂಜು. ಒಂದು ತಿರುವಿನಲ್ಲಿ ರೆಪ್ಪೆ ಮುಚ್ಚಿಯೇ ಹೋಯಿತು. ಹೆಂಡತಿ "ರೀ!" ಅಂತ ಕೂಗದಿದ್ದರೆ ಏನಾಗುತ್ತಿತ್ತೋ. ಪಕ್ಕಕ್ಕೆ ನಿಲ್ಲಿಸಿದಾಗ ಕೈ ನಡುಗುತ್ತಿತ್ತು.

ನೆಗಡಿ ಮಾತ್ರೆಯ ಪಟ್ಟಿ ತಿರುಗಿಸಿ ಓದಿದ್ದು ಆಮೇಲೆ. ಅದರಲ್ಲಿ ಕ್ಲೋರ್‌ಫೆನಿರಮೈನ್ ಇತ್ತು. ಅದೂ ಅಲರ್ಜಿ ಔಷಧಿಯೇ, ಹಳೇ ಕಾಲದ್ದು, ಇನ್ನೂ ಜಾಸ್ತಿ ನಿದ್ದೆ ತರಿಸುವಂಥದ್ದು. ದಯವಿಟ್ಟು ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿ. ಒಂದೇ ಜಾತಿಯ ಎರಡು ಔಷಧಿ ಹೊಟ್ಟೆಗೆ ಬೀಳಬಾರದು.

ಈಗ ರಾತ್ರಿ ಊಟ ಆದ ಮೇಲೆ ನುಂಗುತ್ತೇನೆ. ಮಾತ್ರೆ ನುಂಗುವ ದಿನ ಮದುವೆ ಮನೆಯಲ್ಲಿ ಯಾರು ಎಷ್ಟೇ ಒತ್ತಾಯ ಮಾಡಲಿ, ಒಂದು ಗುಟುಕು ಮದ್ಯವೂ ಕುಡಿಯುವುದಿಲ್ಲ. ಓಡಾಟ ಜಾಸ್ತಿ ಇರುವ ತಿಂಗಳುಗಳಿಗೆ ಡಾಕ್ಟರು ಇದರ ಬದಲು ಫೆಕ್ಸೊಫೆನಡಿನ್ ಅನ್ನುವ ಬೇರೆ ಅಲರ್ಜಿ ಮಾತ್ರೆ ಕೊಟ್ಟಿದ್ದಾರೆ. ನಿದ್ದೆ ಬಹಳ ಕಡಿಮೆ. ಆದರೆ ಅದನ್ನು ನೀರಲ್ಲೇ ನುಂಗಬೇಕು. ನಮ್ಮ ಕೊಡಗಿನ ಕಿತ್ತಳೆ ರಸದ ಜೊತೆ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ.

ತಿಂಗಳುಗಟ್ಟಲೆ ದಿನಾ ಸೆಟಿರಿಜಿನ್ ನುಂಗಿ ನಿಲ್ಲಿಸಿದರೆ ಕೆಲವರಿಗೆ ಮೈಯೆಲ್ಲ ವಿಪರೀತ ತುರಿಕೆ ಬರಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಎಚ್ಚರಿಸಿದೆ. ಹಾಗಾಗಿ ನಿಲ್ಲಿಸುವುದನ್ನೂ ಡಾಕ್ಟರನ್ನು ಕೇಳಿಯೇ ಮಾಡುತ್ತೇನೆ. ಕಿಡ್ನಿ ತೊಂದರೆ ಇರುವವರಿಗೆ ಪ್ರಮಾಣವೇ ಬೇರೆ. ಅಪ್ಪ ಕೇಳಿದರೂ ನನ್ನ ಪಟ್ಟಿಯಿಂದ ಕಿತ್ತು ಕೊಡುವುದಿಲ್ಲ.

ತೋಟದಲ್ಲಿ ಹೆಜ್ಜೇನು ಕಚ್ಚಿ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಈ ಮಾತ್ರೆ ನಂಬಿ ಕೂರಬೇಡಿ. ಆಗ ಬೇಕಾಗಿದ್ದು ಅಡ್ರಿನಲಿನ್ ಇಂಜೆಕ್ಷನ್, ಅದೂ ತಕ್ಷಣ. ನಮ್ಮ ಗೋಡೌನ್ ಬಾಗಿಲ ಮೇಲೆ 108 ಅಂತ ದೊಡ್ಡದಾಗಿ ಬರೆಸಿದ್ದೇನೆ.