ಗುಳೆ ಹೋಗುವವರಿಗೂ ಗುಳಿಗೆ ಬೇಕಲ್ವಾ? ನಮ್ಮ ತಾಂಡಾದ ಬಿಪಿ ತಪಾಸಣೆ ಬಗ್ಗೆ

ಇಂಡಿ ತಾಲ್ಲೂಕಿನ ನಮ್ಮ ತಾಂಡಾಕ್ಕೆ ಹತ್ತಿರದ ಊರಿನಲ್ಲಿ ಸರ್ಕಾರಿ ಉಪಕೇಂದ್ರ ಇದೆ. ಈಗ ಬೋರ್ಡ್ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬರೆದಿದ್ದಾರೆ, ನಮ್ಮ ಮಂದಿ ಮಾತ್ರ ಇನ್ನೂ ‘ಸಿಸ್ಟರ್ ದವಾಖಾನೆ’ ಅಂತಲೇ ಕರೆಯುತ್ತಾರೆ. ಒಂದು ವರ್ಷದಿಂದ ಅವ್ವನ ಬಿಪಿ ಅಲ್ಲೇ ತೋರಿಸುತ್ತಿದ್ದೇವೆ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಮೊದಲು ಒಳ್ಳೆಯದು. ಅವ್ವ ಹಳೇ ಕಾಲದ ಲಂಬಾಣಿ ಹೆಂಗಸು. ಮೊಣಕೈ ದಾಟಿ ತೋಳಿನ ತನಕ ಬಿಳಿ ಬಳೆ, ಮೇಲೆ ಕನ್ನಡಿ ಕೂರಿಸಿದ ಕುಪ್ಪಸದ ತೋಳು. ಬಿಪಿ ಪಟ್ಟಿ ಕಟ್ಟೋಕೆ ಜಾಗವೇ ಇಲ್ಲ. ಹಿಂದೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆ ಬಟ್ಟೆ ಮೇಲೇ ಪಟ್ಟಿ ಸುತ್ತಿ, ಮೆಟ್ಟಿಲು ಹತ್ತಿ ಬಂದ ಏದುಸಿರು ಇಳಿಯುವ ಮೊದಲೇ 190 ಅಂತ ಬರೆದು, ಇಷ್ಟುದ್ದ ಚೀಟಿ ಕೊಟ್ಟು ಕಳಿಸಿದ್ದರು. ಬಳೆ ತೆಗೀರಿ ಅಂತ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ.

ಇಲ್ಲಿ ಸಿಸ್ಟರ್ "ಯಾಡಿ, ಕುಂದರ್ರಿ" ಅಂದರು. ಯಾಡಿ ಅಂದರೆ ನಮ್ಮ ಮಾತಲ್ಲಿ ತಾಯಿ. ಅವರು ಲಂಬಾಣಿ ಅಲ್ಲ, ಬಂದು ಹೋಗುವವರಿಂದ ಕಲಿತಿದ್ದಾರೆ. ತೋಳಿನ ಬಳೆ ಒಂದೊಂದಾಗಿ ಇಳಿಸಿ ಅವ್ವನ ಮಡಿಲಲ್ಲೇ ಇಟ್ಟರು. ಗೋಡೆಗೆ ಬೆನ್ನು ಆನಿಸಿ, ಕಾಲು ನೆಲಕ್ಕೆ ಊರಿಸಿ, ಐದು ನಿಮಿಷ ಮಾತಾಡದೆ ಕೂರಿಸಿದರು. ಅವ್ವ ಐದು ನಿಮಿಷ ಸುಮ್ನೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು! 168/96 ಬಂತು. ಜಾಸ್ತಿನೇ, ಆದರೆ ಖರೇ ಲೆಕ್ಕ.

ಬಿಪಿ ಇಳಿಸುವ ಅಮ್ಲೋಡಿಪಿನ್ 5 ಮಿ.ಗ್ರಾಂ ಗುಳಿಗೆ ಪುಕ್ಕಟೆ ಕೊಟ್ಟರು. ಉಪ್ಪು ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಇವರು ಬುತ್ತಿ ಬಿಚ್ಚಿಸಿ ನೋಡಿದರು. ಜೋಳದ ರೊಟ್ಟಿಗೆ ನಾವು ಉಪ್ಪು ಹಾಕುವುದೇ ಇಲ್ಲ. ಪಕ್ಕದಲ್ಲಿದ್ದ ಕೆಂಪು ಖಾರ, ಉಪ್ಪಿನಕಾಯಿ ತೋರಿಸಿ "ಇದರಾಗ ಐತ್ರಿ ಎಲ್ಲಾ" ಅಂದರು. ದಿನಕ್ಕೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕಂತೆ. ಈಗ ಅವ್ವನದು 136/84ರ ಹತ್ತಿರ ನಿಂತಿದೆ.

ಇನ್ನು ಆ ಒಂದೂವರೆ ಅಂಕ. ದಸರಾ ಮುಗಿದರೆ ಅರ್ಧ ತಾಂಡಾ ಖಾಲಿ. ಕೆಲವರು ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು, ಕೆಲವರು ಗೋವಾಕ್ಕೆ. ನಮ್ಮ ಅಣ್ಣನೂ ಹೋದ. ಕೊಟ್ಟಿದ್ದು 30 ದಿನದ ಗುಳಿಗೆ, ಇದ್ದಿದ್ದು ಐದು ತಿಂಗಳು. ನಾನು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವನು, ತಲೆನೋವು ಬಂದಾಗ ಮಾತ್ರ ‘ಎರಡು ಬಿಪಿ ಗುಳಿಗೆ ಕೊಡ್ರಿ’ ಅನ್ನುವವರನ್ನು ದಿನಾ ನೋಡುತ್ತೇನೆ. ಮನೆಯಲ್ಲೇ ಅದೇ ಆಯಿತು. ಅಣ್ಣ ವಾಪಸ್ ಬಂದಾಗ 180/110, ತಿಂಗಳ ತಪಾಸಣೆ ಬರೆಯುವ ಕಾರ್ಡಿನಲ್ಲಿ ನಾಲ್ಕು ಮನೆ ಖಾಲಿ. ಮರೆತಿದ್ದಲ್ಲ ರೀ, ಕಬ್ಬಿನ ಗದ್ದೆಯಲ್ಲಿದ್ದ!

ಗುಳಿಗೆ ಜನ ಇದ್ದಲ್ಲಿಗೇ ಹೋದರೆ ಏನಾಗುತ್ತದೆ ಅಂತ ಬೇರೆ ಕಡೆ ನೋಡಿದ್ದಾರೆ. ಅಮೆರಿಕದ ಕಪ್ಪು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ವಯಸ್ಕರಿಗೆ ಬಿಪಿ ಇದೆ, ಹತೋಟಿಯಲ್ಲಿರುವುದು ಮಾತ್ರ ಬಿಳಿಯರಿಗಿಂತ ಕಡಿಮೆ. ಲಾಸ್ ಏಂಜಲೀಸ್‌ನಲ್ಲಿ 52 ಕಟಿಂಗ್ ಶಾಪ್, 319 ಕಪ್ಪು ಗಂಡಸರನ್ನು ಹಿಡಿದು ಒಂದು ಪ್ರಯೋಗ ಮಾಡಿದರು, 2018ರಲ್ಲಿ ಫಲಿತಾಂಶ ಬಂತು. ಕೆಲವು ಅಂಗಡಿಗಳಲ್ಲಿ ಕಟಿಂಗ್ ಮಾಡುವವರು ‘ಡಾಕ್ಟರ್‌ಗೆ ತೋರಿಸು’ ಅಂತ ಬುದ್ಧಿ ಹೇಳಿದರು. ಉಳಿದ ಕಡೆ ಫಾರ್ಮಸಿಸ್ಟ್ ಅಂಗಡಿಗೇ ಬಂದು ಗುಳಿಗೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಮೇಲಿನ ಅಂಕಿ ಬುದ್ಧಿಮಾತಿನ ಕಡೆ ಸರಾಸರಿ 9 ಇಳಿಯಿತು, ಗುಳಿಗೆ ಬಂದ ಕಡೆ 27. ಅಲ್ಲಿ ಬಣ್ಣ, ಇಲ್ಲಿ ತಾಂಡಾ. ನಮಗೆ ಕಟಿಂಗ್ ಶಾಪ್ ಬೇಡ, ಕಬ್ಬು ಕಡಿಯಲು ಜನ ಕರೆದೊಯ್ಯುವ ಮುಕಾದಮ ಮುಂಗಡ ಹಂಚುವ ದಿನ ಸೇವಾಲಾಲ್ ಗುಡಿ ಕಟ್ಟೆಗೆ ಬಿಪಿ ಮಷೀನು, ಗುಳಿಗೆ ಚೀಲ ತಂದರೆ ಸಾಕು, ಅವತ್ತು ಒಬ್ಬರೂ ತಪ್ಪಿಸಿಕೊಳ್ಳಲ್ಲ.

ಸಿಸ್ಟರ್‌ಗೆ ಇದನ್ನೇ ಹೇಳಿದೆ. "ನನಗೂ ತಿಂಗಳ ಲೆಕ್ಕದಾಗ ಸ್ಟಾಕ್ ಬರ್ತೈತ್ರಿ" ಅಂದರು, ಅವರ ತಪ್ಪಲ್ಲ. ಆದರೂ ಈ ಸಲ ಹೋಗುವವರ ಹೆಸರು ಬರೆದುಕೊಂಡು, ಮೂರು ತಿಂಗಳದ್ದು ಒಟ್ಟಿಗೆ ಕೊಡಿ ಅಂತ ಮೇಲೆ ಕೇಳಿದ್ದಾರೆ. ದಸರಾ ಒಳಗೆ ಬಂದರೆ ಇಲ್ಲಿಗೇ ಬಂದು ನಾಲ್ಕೂವರೆ ಅಂತ ತಿದ್ದುತ್ತೇನೆ.